ಆಕಾಶದಿಂದ ಅಚ್ಚಾಗಿ ಬಂದ ಮಾತು

1954ನೇ ಇಸವಿ. ಆಗಿನ್ನೂ ನಮ್ಮದು ಹೈದರಾಬಾದ್ ರಾಜ್ಯ. ನಾನು ಮದುವೆಯಾಗಿ ಶಹಾಬಾದಿಗೆ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರು ವೀರಭದ್ರಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವಲ್ಲಿ, ಮೋಟಾರು ರಿಪೇರಿ ಮಾಡುತ್ತಿದ್ದರು. ಹೊಟ್ಟೆಪಾಡು ಅದಾದರೂ ಅವರ ಜೀವವೆಲ್ಲ ಇದ್ದದ್ದು ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ. ಅಲ್ಲಿ ಸರಕಾರದ ಲೈಸೆನ್ಸ್ ಪಡೆದು, ತಾವೇ ಕಟ್ಟಿದ ಒಂದು ರೇಡಿಯೊ ಇಟ್ಟುಕೊಂಡಿದ್ದರು. ಅದು ಹಾಡು ಕೇಳುವ ರೇಡಿಯೊ ಅಲ್ಲ. ತಂತಿ ಆಫೀಸಿನವರ ಹಾಗೆ ಕಟ್ಟ ಕಡಕಟ್ಟ ಎಂದು ಕೀಲಿ ಬಡಿದು, ದೂರದೂರದ ಹವ್ಯಾಸಿಗಳ ಜೊತೆ ಮಾತಾಡುವ ರೇಡಿಯೊ.

ಆ ಮಾತಿನಲ್ಲೇ ಅವರಿಗೊಬ್ಬ ಜೀವದ ಗೆಳೆಯ ಸಿಕ್ಕಿದ್ದರು, ಖಾದರ್ ಸಾಹೇಬರು. ಹುಟ್ಟಿದ್ದು ಚಿಂಚೋಳಿಯಲ್ಲಿ, ಆಗ ಹೈದರಾಬಾದಿನ ಒಂದು ಕಾಲೇಜಿನಲ್ಲಿ ವಿಜ್ಞಾನದ ಮಾಸ್ತರರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಭಾನುವಾರ ಬಂತೆಂದರೆ ಊಟದ ತಾಟು ಆರಿ ಹೋಗುವ ತನಕ ಹರಟೆ.

ಅದೇ ವರ್ಷದ ಬೇಸಿಗೆಯಲ್ಲಿ ನಮ್ಮವರಿಗೆ ಮೆದುಳು ಜ್ವರ ಬಂತು. ಗುಲ್ಬರ್ಗಾ ದವಾಖಾನೆಯಲ್ಲಿ ಜೀವ ಉಳಿಯಿತು, ಕಿವಿ ಎರಡೂ ಹೋದವು. ಮನೆಗೆ ಬಂದ ಮೇಲೆ ಅವರು ಮಾತನ್ನೂ ಬಿಟ್ಟರು. ತಮ್ಮ ದನಿ ತಮಗೇ ಕೇಳಿಸದಿರುವಾಗ ಬಾಯಿ ತೆರೆಯಲು ಅವರಿಗೆ ನಾಚಿಕೆ. ನಾನು ನೆಲದ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದೆ, ಅವರು ತಲೆ ಆಡಿಸುತ್ತಿದ್ದರು. ಕಾರ್ಖಾನೆಯಲ್ಲಿ ಮೋಟಾರಿನ ಮೇಲೆ ಅಂಗೈ ಇಟ್ಟು, ಅದರ ನಡುಕದಿಂದಲೇ ದೋಷ ಹಿಡಿದು ಕೆಲಸವನ್ನೇನೋ ಉಳಿಸಿಕೊಂಡರು. ತಗಡಿನ ಕೋಣೆಗೆ ಮಾತ್ರ ಕಾಲಿಡಲಿಲ್ಲ.

ಒಂದು ಭಾನುವಾರ ನಾನೇ ಹಟ ಮಾಡಿ ಅವರನ್ನು ಅಲ್ಲಿ ಕೂರಿಸಿದೆ. ಕಿವಿಯ ಮೇಲಿನ ಹೆಡ್‌ಫೋನ್ ನಾನು ಹಾಕಿಕೊಂಡು, ಕೇಳಿದ ಸಪ್ಪಳವನ್ನೆಲ್ಲ ಅವರ ಮಣಿಕಟ್ಟಿನ ಮೇಲೆ ಬೆರಳಿನಿಂದ ಬಡಿದೆ. ಖಾದರ್ ಸಾಹೇಬರು ಕರೆಯುತ್ತಿದ್ದಾರೆ ಎಂದು ನಮ್ಮವರ ಮುಖ ನೋಡಿಯೇ ತಿಳಿಯಿತು! ಆದರೆ ಅವರ ವೇಗಕ್ಕೆ ನನ್ನ ಬೆರಳು ಸಾಲಲಿಲ್ಲ. ನಮ್ಮವರು ನನ್ನ ಕೈ ಮೆಲ್ಲಗೆ ಸರಿಸಿ, ಕೀಲಿಯ ಮೇಲೆ ಏನೋ ಬಡಿದು ಎದ್ದುಬಿಟ್ಟರು. ಏನು ಬಡಿದಿರಿ ಎಂದು ಬರೆದು ಕೇಳಿದೆ. ‘ಕಿವಿ ಹೋಗ್ಯಾವ. ಇದೇ ಕಡೀ ಮಾತು’ ಎಂದು ಬರೆದರು. ರೇಡಿಯೊ ಸಾಮಾನನ್ನೆಲ್ಲ ಪಕ್ಕದ ವಾಡಿ ಊರಿನ ಒಬ್ಬ ವ್ಯಾಪಾರಿಗೆ ಕೊಡುವುದೆಂದೂ ಠರಾಯಿಸಿದರು.

ಮಳೆಗಾಲ ಶುರುವಾಗುತ್ತಿದ್ದ ಒಂದು ಮುಂಜಾನೆ ಸ್ಟೇಶನ್ನಿನಿಂದ ಒಂದು ಟಾಂಗಾ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಒಳಗೆ ಶೇರವಾನಿ ತೊಟ್ಟ ಎತ್ತರದ ಮನುಷ್ಯರೊಬ್ಬರು, ಕಾಲ ಬಳಿ ದೊಡ್ಡದೊಂದು ಕಟ್ಟಿಗೆಯ ಪೆಟ್ಟಿಗೆ.

“ವೀರಭದ್ರಪ್ಪನ ಮನಿ ಇದೇ ಏನ್ರಿ ಭಾಭಿ? ನಾ ಖಾದರ್.”

ನಮ್ಮವರು ಹೊರಗೆ ಬಂದು ನಿಂತರು. ಸಾಹೇಬರು ಅವರ ಅಂಗೈ ಹಿಡಿದು, ರೇಡಿಯೊದಲ್ಲಿ ಹೆಸರಿನ ಬದಲು ಬಳಸುವ ತಮ್ಮ ಕರೆಯ ಗುರುತನ್ನು ಅದರ ಮೇಲೆ ಬೆರಳಿನಿಂದ ಬಡಿದರು. ನಮ್ಮವರು ಅವರನ್ನು ಅಪ್ಪಿಕೊಂಡೇಬಿಟ್ಟರು.

ಪೆಟ್ಟಿಗೆ ಬಿಚ್ಚಿದಾಗ ನಮ್ಮ ಅತ್ತಿ ಬಗ್ಗಿ ನೋಡಿ, “ಇದೇನ್ರಿ, ಹೊಲಿಗಿ ಮಷಿನ್ ತಂದೀರಿ?” ಎಂದರು.

“ಇಲ್ರಿ ಅಮ್ಮಾ, ಇದು ಟೆಲಿಪ್ರಿಂಟರ್. ಲಡಾಯಿ ಮುಗದ ಮ್ಯಾಲ ಮಿಲಿಟ್ರಿಯವರು ಹರಾಜ ಹಾಕಿದ್ರು. ನಿಮ್ಮ ಮಗನ ಕಿವಿ ಹೋದ್ರೇನಾತು, ಕಣ್ಣ ಅದಾವಲ್ಲ!”

ಸಾಹೇಬರು ನಮ್ಮವರಿಗಾಗಿ ನೆಲದ ಮೇಲೆ ಚಿತ್ರ ಬರೆಯುತ್ತ, ನನಗಾಗಿ ಬಾಯಿಂದಲೂ ಹೇಳಿದರು. ಅತ್ತ ಒಬ್ಬರು ಅಕ್ಷರದ ಗುಂಡಿ ಒತ್ತಿದರೆ, ರೇಡಿಯೊದ ಅಲೆ ಒಂದಿಷ್ಟು ಆಚೆ ಈಚೆ ಸರಿಯುತ್ತದೆ. ಇತ್ತ ಅದು ಎರಡು ಸೀಟಿಯಾಗಿ ಬರುತ್ತದೆ, ಒಂದು ದಪ್ಪ, ಒಂದು ಸಣ್ಣ. ಒಂದೊಂದು ಅಕ್ಷರಕ್ಕೆ ಐದೈದು ಬಡಿತ. ಮುಂದೆ ‘ಶುರು’ ಅನ್ನುವ ಬಡಿತ, ಹಿಂದೆ ‘ನಿಲ್ಲು’ ಅನ್ನುವ ಬಡಿತ. ಇವನ್ನು ಹಿಡಿದು ಯಂತ್ರವೇ ಅಕ್ಷರ ಆರಿಸಿ ಕಾಗದದ ಮೇಲೆ ಹೊಡೆಯುತ್ತದೆ. ಕಿವಿಯ ಕೆಲಸವೇ ಇಲ್ಲ. ಅಂಥದೇ ಇನ್ನೊಂದು ಯಂತ್ರ ಸಾಹೇಬರ ಮನೆಯಲ್ಲಿತ್ತು. ಇಬ್ಬರ ಹೆಸರಿನಲ್ಲೂ ಅರ್ಜಿ ಹಾಕಿ ಒಪ್ಪಿಗೆಯನ್ನೂ ತಂದಿದ್ದರು.

ಸಾಹೇಬರು ವಾಪಸು ಹೋದ ಮೇಲೆ ಶುರುವಾಯಿತು ನೋಡಿ ನಮ್ಮ ಪಾಡು! ಮೊದಲ ಭಾನುವಾರ ಯಂತ್ರ ಗಡಗಡ ಅಂದಿದ್ದೇ ಬಂತು, ಕಾಗದದ ಮೇಲೆ ಬಿದ್ದದ್ದು ಅರ್ಥವಿಲ್ಲದ ಅಕ್ಷರಗಳ ಕಲಸುಮೇಲೋಗರ. ಎರಡೂ ಊರಿನ ಮೋಟಾರು ಒಂದೇ ವೇಗದಲ್ಲಿ ತಿರುಗಬೇಕು, ನಮ್ಮದು ಹಿಂದೆ ಬಿದ್ದಿತ್ತು. ಅದನ್ನು ನೋಡಲಿಕ್ಕೆ ಸಾಹೇಬರು ಒಂದು ಉಕ್ಕಿನ ಕವೆ ಕೊಟ್ಟಿದ್ದರು. ಅದನ್ನು ಮೊಣಕಾಲಿಗೆ ಬಡಿದು ನಡುಗಿಸಿ, ತುದಿಯ ಸೀಳಿನೊಳಗಿಂದ ಯಂತ್ರದ ಗಾಲಿ ನೋಡಬೇಕು. ಗಾಲಿಯ ಮೇಲಿನ ಕಪ್ಪು ಬಿಳಿ ಪಟ್ಟೆ ಓಡುವಂತೆ ಕಂಡರೆ ವೇಗ ತಪ್ಪು, ನಿಂತಂತೆ ಕಂಡರೆ ಸರಿ. ನಮ್ಮವರು ತಿರುಪು ತಿರುಗಿಸಿ ತಿರುಗಿಸಿ ಪಟ್ಟೆಗಳನ್ನು ನಿಲ್ಲಿಸಿಯೇ ಬಿಟ್ಟರು.

ಮುಂದಿನ ಭಾನುವಾರ ಇನ್ನೊಂದು ತೊಡಕು. ದಪ್ಪ ಸೀಟಿಗೊಂದು, ಸಣ್ಣ ಸೀಟಿಗೊಂದು ಕೆಂಪು ದೀಪ ಹಾಕಿದ್ದರು. ಎರಡೂ ಸರಿಸಮನಾಗಿ ಮಿಣುಕಿದರೆ ರೇಡಿಯೊ ಸರಿಯಾಗಿ ಕೂತಿದೆ ಎಂದರ್ಥ. ಆದರೆ ನಡುನಡುವೆ ಒಂದು ದೀಪ ಮಂಕಾಗುತ್ತಿತ್ತು. ನಾನು ಚಹಾ ತರುವುದಕ್ಕೂ ಅದು ಮಂಕಾಗುವುದಕ್ಕೂ ಏನೋ ಸಂಬಂಧವಿದೆ ಅನ್ನಿಸಿ, ಬಾಗಿಲು ತೆರೆದು ನೋಡಿದೆ, ಹಾಕಿ ನೋಡಿದೆ. ಹೌದು! ಮಳೆಗಾಳಿ ಒಳಗೆ ನುಗ್ಗಿದೊಡನೆ ರೇಡಿಯೊದ ಸುರುಳಿ ತಣ್ಣಗಾಗಿ ಅಲೆ ಜಾರುತ್ತಿತ್ತು. ನಾನು ಬರೆದು ತಿಳಿಸಿದೆ. ನಮ್ಮವರು ನನ್ನ ಮುಖವನ್ನೇ ನೋಡಿ, ಆ ಸುರುಳಿಗೆ ತಗಡಿನ ಡಬ್ಬಿ ಮುಚ್ಚಿದರು. ನನಗೆ ಏನು ಖುಷಿ ಅಂತೀರಿ!

ಆದರೂ ಅವರ ಮುಖದ ಮೇಲಿನ ಅನುಮಾನ ಹೋಗಿರಲಿಲ್ಲ. ವಾಡಿಯ ವ್ಯಾಪಾರಿ ಆ ವಾರವೇ ಬರುವವನಿದ್ದ. ಅವನಿಗೆ ಬೇಡ ಎಂದು ಹೇಳಿ ಕಳಿಸಲು ಇವರು ಒಪ್ಪಿರಲಿಲ್ಲ. ಮೂರನೆಯ ಭಾನುವಾರ ‘ಇವತ್ತ ಆಗಲಿಲ್ಲಂದ್ರ ಮುಗೀತು’ ಎಂದು ಬರೆದು ಯಂತ್ರದ ಮುಂದೆ ಕೂತರು. ಕಾರ್ಖಾನೆಗೆ ರಜೆ, ಕರೆಂಟು ಸ್ಥಿರವಾಗಿತ್ತು. ಅತ್ತಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು, “ಯಾರ್ ಬಂದ್ರೂ ತೆಗಿಯಂಗಿಲ್ಲ” ಎಂದರು.

ದೀಪಗಳು ಮಿಣುಕಿದವು. ಯಂತ್ರ ಗಡಗಡ ಅಂದಿತು. ಸಾಹೇಬರ ಕರೆಯ ಗುರುತು ಅಚ್ಚಾಗಿ ಬಿತ್ತು! ನಾನು ಕೈ ತಟ್ಟುವಷ್ಟರಲ್ಲಿ ದೂರದಲ್ಲೆಲ್ಲೋ ಗುಡುಗಿತು. ಯಂತ್ರ ಒಮ್ಮೆ ತಡವರಿಸಿ ಹೊಡೆಯತೊಡಗಿತು: 24853 24853 24853.

ಬರೀ ಅಂಕಿ. “ಕೆಟ್ಟಿತೇನ?” ಎಂದರು ಅತ್ತಿ.

ನಮ್ಮವರು ಕಾಗದ ನೋಡಿದರು, ಗುಂಡಿಗಳ ಸಾಲು ನೋಡಿದರು, ಮತ್ತೆ ಕಾಗದ ನೋಡಿದರು. ಎರಡರ ಮೇಲೆ ಬೆರಳಿಟ್ಟರು. ಅದೇ ಗುಂಡಿಯ ಮೇಲೆ ಡಬ್ಲ್ಯು ಎಂಬ ಅಕ್ಷರವೂ ಇತ್ತು. ನಾಲ್ಕು, ಅಲ್ಲಿ ಆರ್. ಎಂಟು, ಐ. ಐದು, ಟಿ. ಮೂರು, ಇ. ರೈಟ್! ಅಂದರೆ ಬರೆ, ಉತ್ತರ ಬರೆ! ಬರೆ, ಬರೆ ಎಂದು ಸಾಹೇಬರು ಕೂಗುತ್ತಿದ್ದರು. ಅಕ್ಷರಕ್ಕೂ ಅಂಕಿಗೂ ಬಡಿತಗಳು ಅವೇ, ಯಾವುದು ಹೊಡೆಯಬೇಕು ಎಂದು ತಿಳಿಸುವ ಗುಂಡಿ ಬೇರೆ. ಗುಡುಗಿನ ಗರಗರಕ್ಕೆ ಯಂತ್ರ ಅಂಕಿಯ ಕಡೆ ಜಾರಿತ್ತು, ಅಷ್ಟೆ.

ನಮ್ಮವರು ಹೋ ಎಂದು ನಕ್ಕರು. ಜ್ವರ ಬಂದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಗುಂಡಿ ಒತ್ತಿ ಯಂತ್ರವನ್ನು ಅಕ್ಷರಕ್ಕೆ ತಂದು, ನಮ್ಮವರು ಎರಡೇ ಬೆರಳಿನಿಂದ ಉತ್ತರ ಹೊಡೆದರು. ಅತ್ತಲಿಂದ ಸಾಲು ಸಾಲಾಗಿ ಮಾತು ಬಂತು. ಅಮ್ಮನಿಗೆ ಸಲಾಮ್, ಚಿಂಚೋಳಿಯಲ್ಲಿ ಮಳೆ ಹೇಗಿದೆಯಂತೆ, ಮೋಟಾರಿಗೆ ಎಣ್ಣೆ ಬಿಟ್ಟೆಯಾ ಎಂದೆಲ್ಲ. ಕಾಗದದ ಸುರುಳಿ ನೆಲಕ್ಕೆ ಇಳಿಯಿತು. ನಡುವೆ ನಮ್ಮವರು ಎದ್ದು, ನನ್ನ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಗುಂಡಿಗಳ ಕಡೆ ಕೈ ತೋರಿಸಿದರು.

ನನಗೆ ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಹೆದರುತ್ತ, ಹುಡುಕಿ ಹುಡುಕಿ ಒಂದೇ ಒಂದು ಮಾತು ಹೊಡೆದೆ, ನನ್ನ ಹೆಸರು. ಯಂತ್ರ ಸುಮ್ಮನಾಯಿತು. ಆಮೇಲೆ ಸಾಹೇಬರ ಉತ್ತರ ಹೊತ್ತು ತಾನಾಗಿಯೇ ಗಡಗಡಿಸಿತು. ನಮ್ಮವರು ನನ್ನ ಹೆಗಲ ಮೇಲಿಂದ ಬಗ್ಗಿ, ಬೀಳುತ್ತಿದ್ದ ಅಕ್ಷರಗಳನ್ನು ನೋಡುತ್ತ ನೋಡುತ್ತ, ತಮಗೆ ಅರಿವಿಲ್ಲದೆಯೇ ಬಾಯಿಬಿಟ್ಟು ಓದಿದರು:

“ನೀಲಮ್ಮ.”

ದನಿ ಒಡೆದಿತ್ತು, ಬೇಕಾದದ್ದಕ್ಕಿಂತ ಜೋರಾಗಿತ್ತು. ಅವರೇ ಬೆಚ್ಚಿ ನನ್ನ ಮುಖ ನೋಡಿದರು. ಕೇಳಿಸಿತು ಎಂದು ನಾನು ತಲೆಯಾಡಿಸಿದೆ. ಅವರು ಇನ್ನೊಮ್ಮೆ ಹೇಳಿದರು, ಈ ಸಲ ಕಾಗದ ನೋಡದೆ.

ವಾಡಿಯ ವ್ಯಾಪಾರಿ ಬಂದ, ಚಹಾ ಕುಡಿದು ಬರಿಗೈಲಿ ಹೋದ. ಮುಂದೆ ಬಹಳ ವರ್ಷ ಆ ಗಡಗಡ ನಮ್ಮ ಮನೆಯಲ್ಲಿತ್ತು, ಅದರ ಜೊತೆಗೆ ನಮ್ಮವರ ಮಾತೂ ಇತ್ತು. ಎಲ್ಲಿದ್ದರೂ ಹಿಂದಿನಿಂದ ಯಾರಾದರೂ ಜೋರಾಗಿ ನನ್ನ ಹೆಸರು ಕರೆದರೆ ಇವತ್ತಿಗೂ ನಾನು ತಟ್ಟನೆ ನಿಂತುಬಿಡುತ್ತೇನೆ. ಎರಡನೇ ಸಲ ಕರೆಯಲಿ ಎಂದು ಕಾಯುತ್ತೇನೆ.