ನಿಂತ ಕಾರಿನಲ್ಲಿ ಬ್ರೇಕಕ್ಕ

ಅವಳ ಹತ್ತಿರ ಕಾರು ಕಲಿತವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಬ್ರೇಕಕ್ಕ ಎಂದೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವಳು ತುಳಿಯುತ್ತಿದ್ದದ್ದು ಅಪರೂಪ. ಕಾಲಿಗಿಂತ ಮೊದಲು ನಾಲಿಗೆ ಕೆಲಸ ಮುಗಿಸಿಬಿಡುತ್ತಿತ್ತು. “ಎದುರಿಗೆ ಬರ್ತಿರೋದು ಲಾರಿ ಕಣಪ್ಪ, ನಿಮ್ಮತ್ತೆ ಅಲ್ಲ, ಮುನಿಸ್ಕೊಂಡು ವಾಪಸ್ ಹೋಗೋಕೆ,” ಎಂದು ಅವಳು ಅಂದರೆ ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದವನು ನಕ್ಕುಬಿಡುತ್ತಿದ್ದ. ನಗುವಾಗ ಕೈ ಸಡಿಲವಾಗುತ್ತಿತ್ತು, ಕಾರು ನೆಟ್ಟಗಾಗುತ್ತಿತ್ತು. ಅದನ್ನು ಬರೀ ಬೈಗುಳ ಎಂದುಕೊಂಡವರಿಗೆ ಕಿವಿ ಇಲ್ಲ ಎನ್ನಬೇಕು.

ಅವಳ ಕೈಲಿ ಪಳಗದೆ ಉಳಿದವನು ಒಬ್ಬನೇ, ಅವಳ ಸ್ವಂತ ತಮ್ಮ. ಅವನದು ಕನ್ನಡಕದ ಅಂಗಡಿ. ಹರೆಯದಲ್ಲಿ ಒಮ್ಮೆ ಅಕ್ಕನ ಪಕ್ಕ ಕೂತು ಗೇಟಿನ ಕಂಬದವರೆಗೆ ಕಾರು ಓಡಿಸಿದ್ದ. ಕಂಬ ವಾಲಿತು, ಇವನು ಇಳಿದು ನಡೆದ, ಆಮೇಲೆ ಆ ಸೀಟಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕತಮ್ಮ ಇಬ್ಬರೇ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ ಅವಳು ಇವನನ್ನು ನೋಡಿಕೊಳ್ಳುವುದಕ್ಕೆ ಎನ್ನುತ್ತಿದ್ದಳು, ಇವನು ಅವಳ ಬಾಯಿಗೆ ಹೆದರಿ ಎನ್ನುತ್ತಿದ್ದ. ಇಬ್ಬರೂ ಹೇಳುತ್ತಿದ್ದದ್ದು ಅರ್ಧರ್ಧ ನಿಜ.

ಅವಳ ದನಿ ಒರಟಾಗುತ್ತ ಬಂದಾಗ, ದಿನವಿಡೀ ಕಿರುಚಿ ಗಂಟಲು ಕಟ್ಟಿದೆ ಎಂದುಕೊಂಡು ಇಬ್ಬರೂ ಬಿಸಿನೀರು ಕುಡಿಯುವುದರಲ್ಲೇ ಕಾಲ ಕಳೆದರು. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಡದೆ ಹೇಳಿಬಿಟ್ಟರು: ಗಂಟಲಲ್ಲಿ ಗಡ್ಡೆ ಇದೆ, ಮೂರು ವಾರದಲ್ಲಿ ಆಪರೇಷನ್, ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ಹೆದರಬೇಕಿಲ್ಲ, ಆದರೆ ದನಿ ಉಳಿಯುವುದಿಲ್ಲ. ಬ್ರೇಕಕ್ಕ ಕೇಳಿದ್ದು ಒಂದೇ, ಆಮೇಲೆ ಕಾರು ಓಡಿಸಬಹುದೇ ಎಂದು. ಧಾರಾಳವಾಗಿ ಎಂದರು ಡಾಕ್ಟರು. ಓಡಿಸುವುದಕ್ಕೂ ಕಲಿಸುವುದಕ್ಕೂ ಎಷ್ಟು ದೂರ ಎಂದು ಅವಳಿಗೆ ಗೊತ್ತಿತ್ತು.

ಅದೇ ಆಸ್ಪತ್ರೆಯಲ್ಲಿ ಮಾತಿನ ಥೆರಪಿಸ್ಟ್ ಒಬ್ಬಳಿದ್ದಳು. ಈಗಲೇ ದನಿಯನ್ನು ರೆಕಾರ್ಡ್ ಮಾಡಿಟ್ಟರೆ, ಮುಂದೆ ಟ್ಯಾಬ್ಲೆಟ್ಟಿನಲ್ಲಿ ಏನು ಟೈಪ್ ಮಾಡಿದರೂ ಅದು ಇವರದೇ ದನಿಯಲ್ಲಿ ಓದುತ್ತದೆ ಎಂದು ಅವಳು ವಿವರಿಸಿದಳು. ಕೆಲವು ಗಂಟೆಗಳ ಸ್ವಚ್ಛ ಮಾತು ಬೇಕು. ಫೋನಿನ ರೆಕಾರ್ಡಿಂಗ್ ಬೇಡ, ಅದು ತನಗೆ ತೋಚಿದಂತೆ ದನಿಯನ್ನು ಕತ್ತರಿಸಿ ಒರೆಸಿಬಿಡುತ್ತದೆ. ಒಂದು ಒಳ್ಳೆಯ ಮೈಕು, ಒಂದು ಲ್ಯಾಪ್‌ಟಾಪ್, ನಡುವೆ ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಒಂದು ಪೆಟ್ಟಿಗೆ. ಅದಕ್ಕೆ ಆಡಿಯೋ ಇಂಟರ್ಫೇಸ್ ಅನ್ನುತ್ತಾರೆ, ಎಂದಳು.

ತಮ್ಮ ಅಂದೇ ವಾದ್ಯದಂಗಡಿಗೆ ಹೋದ. ಗಿಟಾರುಗಳ ನಡುವೆ ಕೂತಿದ್ದ ಅಂಗಡಿಯವನು ಎಷ್ಟು ಜನ ಮಾತಾಡುವುದು ಎಂದು ಕೇಳಿದ. ಒಬ್ಬರೇ ಎಂದ ಇವನು. ಹಾಗಾದರೆ ಒಂದೇ ಮೈಕು ಸಿಕ್ಕಿಸುವ ಈ ಪುಟ್ಟ ಪೆಟ್ಟಿಗೆ ಸಾಕು ಎಂದು ಅಂಗೈಯಗಲದ್ದೊಂದನ್ನು ಕೊಟ್ಟ. ತಮ್ಮನ ಅಂಗಡಿಯ ಕಣ್ಣು ಪರೀಕ್ಷೆಯ ಕೋಣೆಗೆ ದಪ್ಪ ಪರದೆ ಇತ್ತು, ಸದ್ದು ಒಳಬರುತ್ತಿರಲಿಲ್ಲ. ಅಲ್ಲೇ ಅಕ್ಕನನ್ನು ಕೂರಿಸಿ, ಓದಬೇಕಾದ ವಾಕ್ಯಗಳನ್ನು ಎದುರಿಗೆ ಹಿಡಿದ.

ಆ ಕುರ್ಚಿಯಲ್ಲಿ ಕೂತವರಿಗೆಲ್ಲ ಆಗುವುದೇ ಅವಳಿಗೂ ಆಯಿತು. ಬೆನ್ನು ನೆಟ್ಟಗೆ ಮಾಡಿ, ಎಲ್ಲಿ ತಪ್ಪಾಗುತ್ತದೋ ಎಂಬ ಭಯದಲ್ಲಿ, ಗೋಡೆಯ ಮೇಲಿನ ಅಕ್ಷರ ಓದುವಂತೆ ಒಂದೊಂದೇ ಪದ ಓದಿದಳು. ಎರಡು ದಿನದ ಓದನ್ನು ಹೊತ್ತು ತಮ್ಮ ಥೆರಪಿಸ್ಟಳ ಹತ್ತಿರ ಹೋದ. ಅವಳು ಕೇಳಿಸಿಕೊಂಡು, ಸ್ಪಷ್ಟವಾಗಿಯೇನೋ ಇದೆ ಎಂದಳು. ಆಮೇಲೆ ಕೇಳಿದಳು: “ನಿಮ್ಮಕ್ಕ ಮನೇಲಿ ಹೀಗೇ ಮಾತಾಡ್ತಾರಾ? ನಾವು ಏನು ಕೊಡ್ತೀವೋ ಅದನ್ನೇ ಆ ಪ್ರೋಗ್ರಾಮ್ ಕಲಿಯೋದು. ಇದನ್ನ ಕೊಟ್ರೆ ಅವರು ಇನ್ನು ಮುಂದೆ ಹೀಗೇ ಮಾತಾಡ್ತಾರೆ.”

ಉಳಿದ ಆಯುಷ್ಯವನ್ನೆಲ್ಲ ಅಕ್ಕ ಸುತ್ತೋಲೆ ಓದುವ ಗುಮಾಸ್ತೆಯ ಹಾಗೆ ಮಾತಾಡುವುದನ್ನು ನೆನೆದರೇ ಅವನಿಗೆ ಅಳು ಬಂತು. ಹಾಗಾದರೆ ಅವಳು ಅವಳಾಗಿ ಮಾತಾಡುವುದು ಯಾವಾಗ? ಯೋಚಿಸುವುದೇ ಬೇಕಿರಲಿಲ್ಲ. ಕಾರಿನ ಎಡಗಡೆ ಸೀಟಿನಲ್ಲಿ, ಪಕ್ಕದಲ್ಲೊಬ್ಬ ತಪ್ಪು ಮಾಡುವವನಿದ್ದಾಗ. ಆದರೆ ಓಡುವ ಕಾರಿನಲ್ಲಿ ಇಂಜಿನ್ನಿನ ಗುರ್ರು ಸೇರುತ್ತದೆ. ನಿಂತ ಕಾರಾದರೆ? ಗಾಜು ಏರಿಸಿದರೆ ಕಾರಿಗಿಂತ ಮೌನವಾದ ಕೋಣೆ ಬೇರೆ ಇಲ್ಲ. ತಪ್ಪು ಮಾಡುವವನನ್ನಂತೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಮತ್ತೆ ವಾದ್ಯದಂಗಡಿ. ಈ ಸಲ ಅವನಿಗೆ ಬೇಕಾದದ್ದು ಅವನಿಗೆ ಗೊತ್ತಿತ್ತು. ಇಬ್ಬರು ಮಾತಾಡುತ್ತಾರೆ, ಇವನ ದನಿ ಬೇರೆಯಾಗಿ ಉಳಿಯಬೇಕು, ಆದ್ದರಿಂದ ಎರಡು ಮೈಕು. ಕಾರಿನಲ್ಲಿ ಗೋಡೆಯ ಪ್ಲಗ್ ಇಲ್ಲ, ಆದ್ದರಿಂದ ಪೆಟ್ಟಿಗೆ ಲ್ಯಾಪ್‌ಟಾಪಿನ ಕರೆಂಟಿನಲ್ಲೇ ಓಡಬೇಕು. ಅಂಗಡಿಯವನು ಮೊದಲು ಎಂಟು ಮೈಕಿನದೊಂದನ್ನು ತೋರಿಸಿದ. ಅದು ಬೆಂಚಿನ ಕಾಲುಭಾಗದಷ್ಟಿತ್ತು, ಅದಕ್ಕೆ ಗೋಡೆಗೆ ಸಿಕ್ಕಿಸುವ ಅದರದೇ ಅಡಾಪ್ಟರು. ಆಮೇಲೆ ತೋರಿಸಿದ್ದು ಎರಡು ಮೈಕಿನದು, ನೀಲಿ ದೀಪಗಳ ಸುಂದರಿ, ಅಗ್ಗ ಬೇರೆ. ತಮ್ಮ ಮನಸೋತೇಬಿಟ್ಟಿದ್ದ. ಆದರೂ ಕನ್ನಡಕ ಹಾಕಿ ನೋಡದೆ ಕೊಳ್ಳಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವನು ತಾನು ಕಿವಿಗೆ ಹಾಕಿ ನೋಡದೆ ಕೊಳ್ಳುವುದು ಹೇಗೆಂದು, ಒಂದು ಮೈಕಿನಲ್ಲಿ ತಾನು ಕೆಮ್ಮಿ, ಇನ್ನೊಂದರಲ್ಲಿ ಅಂಗಡಿಯವನನ್ನು ಮಾತಾಡಿಸಿದ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕೆಮ್ಮೂ ಮಾತೂ ಒಂದೇ ಗೆರೆಯಲ್ಲಿ ಕಲಸಿಹೋಗಿದ್ದವು. ಅಕ್ಕನ ದನಿ ಕಲಿಯಬೇಕಾದ ಯಂತ್ರ ಇವನ ಹೂಂಗುಟ್ಟುವಿಕೆಯನ್ನೂ ಕಲಿತುಬಿಟ್ಟರೆ ಗತಿಯೇನು. ಕೊನೆಗೆ ಕೈಗೆ ಬಂದದ್ದು ಇಟ್ಟಿಗೆಯ ಗಾತ್ರದ ಕಪ್ಪು ಪೆಟ್ಟಿಗೆ. ಎರಡು ಮೈಕು, ಎರಡು ಬೇರೆ ಗೆರೆ, ಪ್ರತಿಯೊಂದಕ್ಕೂ ದನಿ ಏರಿಳಿಸುವ ದಪ್ಪ ತಿರುಗುಗುಂಡಿ. ನೋಡಲು ಲಕ್ಷಣವಾಗಿರಲಿಲ್ಲ. ಹಳೆಯದನ್ನು ವಾಪಸ್ ಕೊಟ್ಟು ಅದನ್ನೇ ತಂದ. ಬಾಯಿಗೆ ಹತ್ತಿರವಿದ್ದದ್ದನ್ನು ಮಾತ್ರ ಕೇಳಿಸಿಕೊಳ್ಳುವಂಥ ಮೈಕುಗಳನ್ನು ಅಂಗಡಿಯವನೇ ಆರಿಸಿಕೊಟ್ಟ.

ಮರುದಿನ ಬೆಳಿಗ್ಗೆ, ಅಕ್ಕನ ದನಿ ಸ್ವಲ್ಪ ತಿಳಿಯಾಗಿದ್ದ ಹೊತ್ತಿನಲ್ಲಿ, ಅಂಗಡಿಯ ಹಿಂದೆ ನಿಲ್ಲಿಸಿದ್ದ ಕಾರಿನ ಸ್ಟಿಯರಿಂಗ್ ಮುಂದೆ ತಮ್ಮ ಕೂತ. ಲ್ಯಾಪ್‌ಟಾಪ್ ಹಿಂದಿನ ಸೀಟಿನಲ್ಲಿ, ಪೆಟ್ಟಿಗೆ ಇಬ್ಬರ ನಡುವೆ. ಇಂಜಿನ್ ಇಲ್ಲದೆ ಏನು ಕಲಿಸಲಿ, ತಲೆ ಕೆಟ್ಟಿದೆಯಾ ಎಂದಳು ಅವಳು. ಅವನು ಗೇರು ಹಾಕಿದ. ಅದೂ ಕ್ಲಚ್ ತುಳಿಯದೆ.

ಅವಳಿಗೆ ತಡೆಯಲಾಗಲಿಲ್ಲ. “ಕ್ಲಚ್ಚು ಏನು ಪೂಜೆಗೆ ಇಟ್ಟಿದಾರೇನೋ, ತುಳಿಯೋ ಅದನ್ನ.” ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯಿತು, ದನಿ ತೀರಾ ಜೋರಾಗಿ ರೆಕಾರ್ಡಿಂಗ್ ಒಡೆಯಿತು ಎಂದರ್ಥ. ತಮ್ಮ ಗುಂಡಿಯನ್ನು ಅರ್ಧಕ್ಕೆ ಇಳಿಸಿ, ಖುಷಿಯನ್ನು ಹತ್ತಿಕ್ಕಿಕೊಂಡು, ಮುಂದೆ ಎಲ್ಲಿಗೆ ಎಂದು ಕೇಳಿದ. ಆಮೇಲೆ ಆ ನಿಂತ ಕಾರು ಊರೆಲ್ಲ ಸುತ್ತಿತು. ಅವಳು ದಾರಿ ಹೇಳುತ್ತ ಹೋದಳು, ಇವನು ಗಾಜಿನಾಚೆಯ ಇಟ್ಟಿಗೆಗೋಡೆ ನೋಡುತ್ತ ತಿರುಗಿಸಿದ. ಸೇತುವೆ ಇಳಿಯುವಾಗ ಇವನು ಇಲ್ಲದ ನಾಯಿಗೆ ಗುದ್ದಿದ. ಅವಳು ಆ ನಾಯಿಯ ಪರವಾಗಿ ಹತ್ತು ನಿಮಿಷ ವಾದಿಸಿದಳು. ಶಾಲೆಯ ಮುಂದೆ ಬಂದಾಗ ಚಿಕ್ಕವರಿದ್ದಾಗಿನ ಕಥೆಗಳು ಬಂದವು, ಅಮ್ಮನನ್ನು ನೆನೆಯುವಾಗ ದನಿ ಮೆತ್ತಗಾಯಿತು, ಪಕ್ಕದ ಮನೆಯ ಜಿಪುಣನ ಸುದ್ದಿ ಬಂದಾಗ ಪಿಸುಮಾತಾಯಿತು. ಎಲ್ಲವನ್ನೂ ಕಪ್ಪು ಪೆಟ್ಟಿಗೆ ನುಂಗಿತು. ಆಪರೇಷನ್ನಿನ ಹಿಂದಿನ ದಿನದವರೆಗೆ ಅವರು ದಿನವೂ ಹಾಗೆ ತಿರುಗಾಡಿದರು. ಕೊನೆಯ ದಿನ ಇಳಿಯುವ ಮುಂಚೆ ಅವಳು, ನೀನು ಬೇಕಂತಲೇ ತಪ್ಪು ಮಾಡ್ತಿದ್ದೆ ಅಲ್ವಾ ಎಂದು ಕೇಳಿದಳು. ಅರ್ಧದಷ್ಟು ಮಾತ್ರ ಎಂದ ಅವನು.

ಆಪರೇಷನ್ ಚೆನ್ನಾಗಿ ಆಯಿತು. ದನಿಯ ಪ್ರೋಗ್ರಾಮ್ ತುಂಬಿದ ಟ್ಯಾಬ್ಲೆಟ್ಟೂ ಬಂತು. ಆದರೆ ಅವಳು ಅದನ್ನು ಮುಟ್ಟಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು, ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದಳು. ಒತ್ತಾಯ ಮಾಡುವುದಕ್ಕೆ ತಮ್ಮನಿಗೆ ಧೈರ್ಯ ಬರಲಿಲ್ಲ. ತನ್ನದೇ ದನಿ ಹೊರಗಿನಿಂದ ಬಂದು ತನ್ನದಲ್ಲ ಅನ್ನಿಸಿಬಿಟ್ಟರೆ ಅವಳಿಗೆ ಇನ್ನೇನು ಉಳಿಯುತ್ತದೆ? ಅವನಿಗೂ ಅದೇ ಹೆದರಿಕೆ. ಕೇಳಿಸಿಕೊಳ್ಳದಿದ್ದರೆ ಆಸೆಯಾದರೂ ಉಳಿಯುತ್ತದೆ ಎಂದು ಇಬ್ಬರೂ ಸುಮ್ಮನಿದ್ದರು.

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಡಿಗೆ ಇಳಿದು ಬಂದು, ಫ್ರೇಮು ಉಜ್ಜುತ್ತಿದ್ದವನ ಮುಂದೆ ಕಾರಿನ ಕೀಲಿಕೈ ಎಸೆದಳು. ಟ್ಯಾಬ್ಲೆಟ್ ಅವಳ ಕಂಕುಳಲ್ಲಿತ್ತು. ಅವನು ಫ್ರೇಮು ಕೆಳಗಿಟ್ಟು ಹೋಗಿ ಸ್ಟಿಯರಿಂಗ್ ಮುಂದೆ ಕೂತ. ಈ ಸಲ ಇಂಜಿನ್ ಸ್ಟಾರ್ಟ್ ಆಯಿತು. ಗೇಟು ದಾಟಿ, ಓಣಿ ದಾಟಿ, ಜೀವ ಕೈಯಲ್ಲಿ ಹಿಡಿದುಕೊಂಡು ತಿರುವಿನವರೆಗೆ ಬಂದ. ಅಷ್ಟರಲ್ಲಿ ಎಡಗಡೆಯಿಂದ ಸೈಕಲ್ಲಿನವನೊಬ್ಬ ನುಗ್ಗಿದ. ತಮ್ಮ ಕಕ್ಕಾಬಿಕ್ಕಿಯಾಗಿ ಕೂತ. ಅವಳು ತನ್ನ ಕಾಲ ಕೆಳಗಿನ ಬ್ರೇಕ್ ಒತ್ತಿದಳು, ಕಾರು ಗಕ್ಕನೆ ನಿಂತಿತು, ಇಂಜಿನ್ ಆರಿತು. ಸೈಕಲ್ಲಿನವನು ಇಬ್ಬರನ್ನೂ ದುರುಗುಟ್ಟಿ ನೋಡಿ ಹೋದ.

ಪಕ್ಕದಲ್ಲಿ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬೆರಳು ಬಡಿಯುವ ಸದ್ದು. ಅವಳು ಒಂದು ಕ್ಷಣ ತಡೆದಳು, ಆಮೇಲೆ ಒತ್ತಿದಳು.

“ಅವನು ನಿನ್ನ ಗಿರಾಕಿ ಆಗ್ಬಹುದಿತ್ತು ಕಣೋ. ಕೊಂದ್ಬಿಟ್ರೆ ಕನ್ನಡಕ ಯಾರಿಗೆ ಮಾರ್ತೀಯ?”

ಅದೇ ಒರಟು, ಕೊನೆಗೆ ಮೇಲೇರಿ ಚುಚ್ಚುವ ಅದೇ ಎಳೆ. ಈ ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ. ಆದರೂ ಇದು ಅವಳೇ. ಅವನು ಅವಳ ಕಡೆ ತಿರುಗಿದ. ಅವಳು ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದುಕೊಂಡು ಕೂತಿದ್ದಳು, ಬೈಸಿಕೊಂಡವಳು ತಾನೇ ಎಂಬಂತೆ. ಆಮೇಲೆ ಅವಳ ಭುಜಗಳು ಸದ್ದಿಲ್ಲದೆ ಕುಣಿಯತೊಡಗಿದವು. ಅವಳು ನಗುತ್ತಿದ್ದಳು. ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟ, ಹಾರನ್ನು ಬೀದಿಗೆಲ್ಲ ಕೇಳುವಂತೆ ಕೂಗಿತು. ಹಿಂದೆ ಎರಡು ಗಾಡಿಗಳು ಬಂದು ನಿಂತವು.

ಮತ್ತೆ ಬೆರಳಿನ ಸದ್ದು, ಈ ಸಲ ಬೇಗ ಬೇಗ.

“ಅಳೋರಿಗೆ ಲೈಸೆನ್ಸ್ ಕೊಡಲ್ಲ. ಗಾಡಿ ತೆಗಿ.”

ಅವನು ತೋಳಿನಿಂದ ಕಣ್ಣೊರೆಸಿಕೊಂಡು, ಕ್ಲಚ್ ತುಳಿದು, ಕೀಲಿ ತಿರುಗಿಸಿ, ಗಾಡಿ ತೆಗೆದ.