ಬೀಳುವವರನ್ನು ಹಿಡಿಯುವ ಕೈ

ಬೀಳುವವರನ್ನು ಹಿಡಿಯುವುದರಲ್ಲಿ ನನ್ನ ಕೈ ಚಿಕ್ಕಂದಿನಿಂದಲೇ ಪಳಗಿದೆ. ದೊಮ್ಮಲೂರಿನ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಎದ್ದು ನಿಂತರೆ ಸಾಕು, ಓಡಿಹೋಗಿ ಸೊಂಟಕ್ಕೆ ಕೈ ಕೊಡುತ್ತಿದ್ದೆ. ಒಂದು ತೊಟ್ಟೂ ಕುಡಿಯದ ಮನುಷ್ಯನನ್ನು ಬೀದಿಯವರು "ಬೆಳಗ್ಗೇನೇ ಏರಿಸ್ಬಿಟ್ಟವ್ನೆ" ಎಂದು ಆಡಿಕೊಳ್ಳುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕ! ಅದು ವಂಶದಲ್ಲೇ ಇಳಿದು ಬರುವ ನರದ ಕಾಯಿಲೆ ಎಂದು ತಿಳಿಯುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದರು. ಈಗ ತಮ್ಮನಿಗೆ ಬಂದಿದೆ. ಶಾಲೆಯ ವ್ಯಾನ್ ಓಡಿಸುತ್ತಿದ್ದವನು ತಾನೇ ಹೋಗಿ ಕೀ ವಾಪಸ್ ಕೊಟ್ಟು ಬಂದ. ನನ್ನನ್ನು ಮಾತ್ರ ಕಾಯಿಲೆ ಬಿಟ್ಟಿದೆ. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಇಂಥದೇ ಕಾಯಿಲೆಯ ಇಲಿಗಳಿವೆ. ನರಕೋಶಗಳು ಒಳಗೊಳಗೇ ತುಕ್ಕು ಹಿಡಿದಂತೆ ಹಾಳಾಗುವುದನ್ನು ನ್ಯಾನೊಕಣಗಳೆಂಬ ಅತಿಸೂಕ್ಷ್ಮ ಕಣಗಳ ಹೊಸ ಔಷಧಿ ತಡೆಯುತ್ತದೆಯೇ ಎಂಬುದು ಪ್ರಶ್ನೆ. ಅರ್ಧ ಇಲಿಗಳಿಗೆ ಆ ಔಷಧಿ, ಉಳಿದವಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದೆಂದು ನನಗೆ ಹೇಳುವುದಿಲ್ಲ. ತಿರುಗುವ ಕೋಲಿನ ಮೇಲೆ ಇಲಿಯನ್ನು ಬಿಟ್ಟು, ಎಷ್ಟು ಸೆಕೆಂಡಿಗೆ ಕೆಳಗಿನ ಮೆತ್ತೆಗೆ ಬೀಳುತ್ತದೆಂದು ಬರೆದಿಡುವುದು ನನ್ನ ಕೆಲಸ.

ಒಂದು ದಿನ ಒಂದು ಸಣಕಲು ಇಲಿ ಥೇಟ್ ಅಪ್ಪನಂತೆ ಎಡಕ್ಕೆ ವಾಲಿತು. ಬೀಳುವ ಮೊದಲೇ ಅದು ನನ್ನ ಅಂಗೈಯಲ್ಲಿತ್ತು. ಪ್ರಯೋಗ ನಡೆಸುವ ಮೇಡಂ ನೋಡಿಬಿಟ್ಟರು.

"ಏನ್ರೀ ಇದು? ಬೀಳೋಕೆ ಬಿಡ್ಬೇಕು! ನಿಲ್ಸಿದ್ದು ಔಷಧಿನಾ, ನಿಮ್ಮ ಕೈನಾ ಅಂತ ಹೇಗ್ರೀ ಗೊತ್ತಾಗ್ಬೇಕು?"

ಹಿಂದಿನ ವಾರವೂ ಎರಡು ಸಲ ಹಿಡಿದಿದ್ದೆ. ಬಚ್ಚಿಡಲು ಮನಸ್ಸಾಗಲಿಲ್ಲ, ಅದನ್ನೂ ಹೇಳಿ ಇನ್ನಷ್ಟು ಬೈಸಿಕೊಂಡೆ. ಆ ಸಾಲುಗಳ ಮೇಲೆ ಗೀಟು ಬಿತ್ತು.

ಸಂಜೆ ತಮ್ಮ ಹಳೇ ರಾಗ ತೆಗೆದ. "ಆ ಔಷಧಿ ಒಂದು ಬಾಟ್ಲು ಎತ್ಕೊಂಡ್ ಬಾರೇ ಅಕ್ಕ."

"ಅದು ಒಳ್ಳೇದೋ ಕೆಟ್ಟದ್ದೋ ಇನ್ನೂ ಯಾರಿಗೂ ಗೊತ್ತಿಲ್ಲ. ನಿಂಗೆ ಚುಚ್ಚೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ರೇಗಿ, ನಡೆದದ್ದನ್ನೆಲ್ಲ ಹೇಳಿದೆ. ಅವನು ಹಾಸಿಗೆಯನ್ನು ನೆಲಕ್ಕೆಳೆದು, ಅದರ ಮೇಲೆ ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಂತ.

"ನಂದೂ ಬರ್ಕೋ, ದಿನಾ. ಮುಂದೆ ಮನುಷ್ಯರಿಗೆ ಕೊಟ್ಟು ನೋಡೋ ಕಾಲ ಬಂದ್ರೆ ತೋರ್ಸೋಣ. ಹಿಡೀಬೇಡ ಮತ್ತೆ."

ಮೊಬೈಲಿನ ಗಡಿಯಾರ ಒತ್ತಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಸೆರಗಿನಲ್ಲಿ ಸುತ್ತಿಕೊಂಡೆ. ಅವನು ವಾಲಿದ. ನಾನು ಅಲ್ಲಾಡಲಿಲ್ಲ. ಧಪ್ಪೆಂದು ಬಿದ್ದ.

"ಎಷ್ಟು?" ಮಲಗಿದಲ್ಲಿಂದಲೇ ಕೇಳಿದ.

"ಹನ್ನೆರಡು."

"ಸುಳ್ಳು ಹೇಳ್ಬೇಡ ಕಣೇ. ನಾನೂ ಎಣಿಸ್ತಿದ್ದೆ."

ಕಣ್ಣೊರೆಸಿಕೊಂಡು ಎಂಟು ಎಂದು ಬರೆದೆ.