ಬಾಗಿಲು ಬಿಡದ ಅತಿಥಿ

ದೇವರ ಮನೆಯ ಬಾಗಿಲಿಗೆ ಅಡ್ಡವಾಗಿ ಕೂತಿದ್ದ ಆ ಮನುಷ್ಯ ಏಳಲೇ ಇಲ್ಲ. ಟೆಸ್ಟ್ ಪಂದ್ಯದ ಕಾಮೆಂಟರಿ ಕೇಳಲೆಂದು ಯಳಂದೂರಿನ ನಮ್ಮ ಮನೆಗೆ ಯಜಮಾನರು ಕರೆದಿದ್ದ ಸ್ನೇಹಿತರಲ್ಲಿ ಅವರೂ ಒಬ್ಬರು. ಲಿಂಗಪೂಜೆಯಾಗದೆ ತೊಟ್ಟು ನೀರೂ ಕುಡಿಯದ ನಮ್ಮ ಅತ್ತೆ ಮಿಂದು ಬಂದು, ನೀರಿನ ತಂಬಿಗೆ ಹಿಡಿದು ನಿಂತೇ ಇದ್ದರು. ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡಿದ್ದರು.

"ಒಸಿ ಜರುಗಿ ಸಾ," ಎಂದೆ.

"ತಡೀರಕ್ಕಾ, ಆಟ ಚೆಂದಾಗಿ ಓಯ್ತಾ ಅದೆ. ನಾ ಎದ್ರೆ ವಿಕೆಟ್ ಬಿದ್ದೋಯ್ತದೆ," ಎಂದರು.

ಯಜಮಾನರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ರೇಡಿಯೋ ನಿಲ್ಲಿಸಿಯೇಬಿಡುತ್ತೇನೆಂದು ಹೊರಟೆ. ಅಷ್ಟರಲ್ಲಿ ಅತ್ತೆ ಅವರೆಲ್ಲರ ನಡುವೆ, ರೇಡಿಯೋ ಮುಂದೆಯೇ ಕೂತು, ಕೊರಳಲ್ಲಿದ್ದ ಲಿಂಗವನ್ನು ತೆಗೆದು ಅಂಗೈ ಮೇಲಿಟ್ಟುಕೊಂಡರು.

"ನನ್ನ ಸಿವ ಕೈಯಲ್ಲೇ ಅವ್ನೆ ಕಣಪ್ಪ. ನೀನು ಬಾಗ್ಲು ಕಾಯ್ಕಂಡಿರು," ಎಂದರು.

ಯಾರೋ ರೇಡಿಯೋದ ದನಿ ತಗ್ಗಿಸಿದರು. ಪೂಜೆ ಮುಗಿಯುವವರೆಗೆ ಅದನ್ನು ಮತ್ತೆ ಏರಿಸಲಿಲ್ಲ.

ಅತ್ತೆಯ ಊಟವಾದ ಮೇಲೆಯೇ ಬಂದವರ ಮುಂದೆ ಉಪ್ಪಿಟ್ಟು ಇಟ್ಟೆ. ತಣ್ಣಗಾಗಿತ್ತು, ಬಿಸಿ ಮಾಡಿಕೊಡಲಿಲ್ಲ. ಅತ್ತೆ ತಲೆ ಸುತ್ತಿ ಬೀಳಲಿಲ್ಲವಲ್ಲ, ಅದು ಶಿವನ ದಯೆ. ಹೆತ್ತ ತಾಯಿ ಹಸಿದು ನಿಂತಿರುವಾಗ ಯಜಮಾನರು ನಕ್ಕ ಆ ನಗು ಮಾತ್ರ ನನಗೆ ಇವತ್ತಿಗೂ ಅರಗಿಲ್ಲ.